ಅತ್ತೆಯ ತಿಥಿಗೆ ಸಿಕ್ಕ ರಜೆ

ನಾನು ನಮ್ಮ ತಾಲ್ಲೂಕು ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರ್, ಹೆಸರು ತಾಮ್. ರೋಗಿಯನ್ನು ತರುವಾಗ ಸೈರನ್ ಹಾಕಿಕೊಂಡು ಬರುತ್ತೇನೆ, ಮನೆಗೆ ಬಿಡಲು ಹೋಗುವಾಗ ಸದ್ದಿಲ್ಲದೆ ಹೋಗುತ್ತೇನೆ. ಮನೆಯಲ್ಲೂ ನನ್ನದು ಇದೇ ಕ್ರಮವಂತೆ: ಬರುವಾಗ ಗದ್ದಲ, ಹೆಂಡತಿ ಎದುರು ನಿಂತಳೆಂದರೆ ಸದ್ದಿಲ್ಲದೆ ಪರಾರಿ.

ಮೆಕಾಂಗ್ ನದಿ ಕವಲೊಡೆದು ಸಮುದ್ರ ಸೇರುವ ನಮ್ಮ ಸೀಮೆಯಲ್ಲಿ ಮನುಷ್ಯ ಕೊನೆಯುಸಿರನ್ನು ತನ್ನ ಮನೆಯಲ್ಲಿ, ಹಿರಿಯರ ಪಟಗಳ ಎದುರಿಗೇ ಬಿಡಬೇಕು. ಹೊರಗೆ ಸತ್ತವರ ದೇಹವನ್ನು ಹೊಸ್ತಿಲು ದಾಟಿಸುವ ಹಾಗಿಲ್ಲ. ಜೀವ ದಾರಿ ತಪ್ಪಿ ಅಲೆಯುತ್ತದೆ. ಆದ್ದರಿಂದ ಇನ್ನೇನೂ ಉಳಿದಿಲ್ಲ ಎಂದಾಗ ಹಿರಿಮಗ ಬಂದು, ಮನೆಗೆ ಕರೆದುಕೊಂಡು ಹೋಗುತ್ತೇವೆ ಎಂದು ಕೇಳುತ್ತಾನೆ. ಅವನೇ ಕೇಳಬೇಕು, ಡಾಕ್ಟರು ತಾವಾಗಿ ಹೇಳಬಾರದು. ನಮ್ಮ ದೊಡ್ಡ ಡಾಕ್ಟರು ಇದರಲ್ಲಿ ಪಳಗಿದವರು. ‘ಮನೆಯವರು ಯೋಚನೆ ಮಾಡಿ’ ಎಂದು ತಲೆಯೆತ್ತಿ ಫ್ಯಾನ್ ನೋಡುತ್ತಾರೆ. ಅವರು ಫ್ಯಾನ್ ನೋಡಿದರೆಂದು ತಿಳಿದ ಕೂಡಲೇ ನಾನು ಗಾಡಿಗೆ ಡೀಸೆಲ್ ಹಾಕಿಸುತ್ತೇನೆ. ಹಿಂದಿನ ಸೀಟಿನಲ್ಲಿ ಯಾರಾದರೂ ಕೂತು ರಬ್ಬರಿನ ಚೀಲ ಒತ್ತುತ್ತಾ ರೋಗಿಗೆ ಉಸಿರು ತುಂಬುತ್ತಿರುತ್ತಾರೆ. ಮನೆ ತಲುಪಿ, ಪಟಗಳ ಕೆಳಗೆ ಮಲಗಿಸಿ, ಗಂಟಲಿನ ಕೊಳವೆ ತೆಗೆದರೆ ಮುಗಿಯಿತು.

ಖಾಯ್ ಡಾಕ್ಟರು ನಮ್ಮಲ್ಲಿಗೆ ಬಂದಾಗ ಇನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ. ಊರು ದೂರದ ಗುಡ್ಡಗಾಡು, ಮಾತಿನ ರಾಗವೇ ಬೇರೆ. ಅವರು ಹೇಳಿದ್ದರಲ್ಲಿ ಅರ್ಧ ರೋಗಿಗಳಿಗೆ ತಿಳಿಯುತ್ತಿತ್ತು, ಇನ್ನರ್ಧಕ್ಕೆ ಎಲ್ಲರೂ ಸುಮ್ಮನೆ ತಲೆಯಾಡಿಸುತ್ತಿದ್ದರು. ಆಸ್ಪತ್ರೆಯ ಹಿಂದೆ ಅವರಿಗೊಂದು ಕೋಣೆ, ಕೋಣೆಯಲ್ಲಿ ಮಲಗಲು ಒಂದು ತೂಗುಬಲೆ, ಒಬ್ಬರಿಗೆ ಸಾಲುವಷ್ಟು ಅನ್ನ ಬೇಯುವ ಕುಕ್ಕರ್.

ಅವರ ಮೊದಲ ಪ್ರಯಾಣ ಒಬ್ಬ ಮುದಿ ಬೆಸ್ತನ ಜೊತೆ. ಚೀಲ ಒತ್ತಬೇಕಾದ ನರ್ಸ್ ರಜೆಯಲ್ಲಿದ್ದಳೆಂದು ಇವರೇ ಹತ್ತಿದರು. ನನ್ನ ತಲೆಯ ಮೇಲಿನ ಕನ್ನಡಿಯನ್ನು ಇಂಥ ದಿನಗಳಲ್ಲಿ ನಾನು ರಸ್ತೆಯ ಕಡೆಗೇ ತಿರುಗಿಸಿರುತ್ತೇನೆ, ಅಂದು ಮರೆತಿದ್ದೆ. ಗಾಡಿಗಳನ್ನು ನದಿ ದಾಟಿಸುವ ದೊಡ್ಡ ದೋಣಿಯ ಮೇಲೆ ನಿಂತಿದ್ದಾಗ ಡಾಕ್ಟರು ಮುದುಕನ ಕುತ್ತಿಗೆಗೆ ಬೆರಳಿಟ್ಟದ್ದು ಕಾಣಿಸಿತು. ಬೆರಳು ಅಲ್ಲೇ ಬಹಳ ಹೊತ್ತು ಇತ್ತು. ಪಕ್ಕದಲ್ಲಿ ಮಗ ಟೋಪಿಯಿಂದ ಅಪ್ಪನಿಗೆ ಗಾಳಿ ಬೀಸುತ್ತಿದ್ದ. ಡಾಕ್ಟರು ಬೆರಳು ತೆಗೆದು ಮತ್ತೆ ಚೀಲ ಒತ್ತತೊಡಗಿದರು.

ಮನೆಯಲ್ಲಿ ಮಗ ಕೇಳಿದ್ದು ಒಂದೇ ಮಾತು: “ಉಸಿರಿದೆಯಾ ಡಾಕ್ಟ್ರೇ?”

“ಇದೆ. ಈಗ ನಿಲ್ಲುತ್ತೆ” ಎಂದು ಕೊಳವೆ ತೆಗೆದರು.

ವಾಪಸು ಬರುವಾಗ ನನ್ನ ಪಕ್ಕ ಕೂತರು. ಗಾಡಿ ಮತ್ತೆ ಆ ದೋಣಿ ಹತ್ತಿತು.

“ತಾಮ್ ಚಿಕ್ಕಪ್ಪ, ಅವರು ಇಲ್ಲೇ ಹೋಗ್ಬಿಟ್ಟಿದ್ರು.”

“ನಾನು ರಸ್ತೆ ನೋಡ್ತಿದ್ದೆ” ಎಂದೆ, ನದಿಯ ನಡುಮಧ್ಯೆ ನಿಂತುಕೊಂಡು.

“ಅವರನ್ನ ಯಾರೂ ಏನೂ ಕೇಳಲೇ ಇಲ್ಲ. ನಾನೂ ಕೇಳ್ಲಿಲ್ಲ. ಆಮೇಲೆ ಹೆಣಕ್ಕೆ ಗಾಳಿ ಹಾಕ್ತಾ ಕೂತೆ.”

ಇಂಥದಕ್ಕೆಲ್ಲ ನನಗೆ ಗೊತ್ತಿರುವ ಔಷಧ ಕಬ್ಬಿನಹಾಲು. ಎರಡು ಲೋಟ ಕೊಂಡೆ. ಅವರು ಮುಟ್ಟಲಿಲ್ಲ. ಚೆಲ್ಲುವುದು ಬೇಡವೆಂದು ಎರಡನ್ನೂ ನಾನೇ ಕುಡಿದೆ.

ಅಂದಿನಿಂದ ಅವರಿಗೊಂದು ಹಟ ಹಿಡಿಯಿತು: ಇನ್ನು ಇಂಥ ಸುಳ್ಳು ಹೇಳುವುದಿಲ್ಲ, ರೋಗಿಯನ್ನೇ ಮೊದಲು ಕೇಳುವುದು. ಮಂಚದ ಅಂಚಿಗೆ ಕೂತು, ಅಜ್ಜ, ಇಲ್ಲೇ ಇರುತ್ತೀರಾ, ಮನೆಯಲ್ಲಿ ಇರಲು ಇಷ್ಟವಾ ಎನ್ನುವರು. ನಮ್ಮಲ್ಲಿ ಕಾಯಿಲೆಯ ಹೆಸರನ್ನು ಕಾಯಿಲೆಯವರಿಗೆ ಹೇಳುವ ರೂಢಿಯೇ ಇಲ್ಲ. ಬಚ್ಚಿಡುವುದು ಮಕ್ಕಳ ಧರ್ಮ. ಒಬ್ಬ ಅಜ್ಜನ ನಾಲ್ವರು ಗಂಡುಮಕ್ಕಳು ದೊಡ್ಡ ಡಾಕ್ಟರ ಕೋಣೆಗೆ ನುಗ್ಗಿ, ನಿಮ್ಮ ಹುಡುಗ ನಮ್ಮಪ್ಪನಿಗೆ ಸಾಯಲು ಹೇಳಿದ್ದಾನೆ ಎಂದು ಕೂಗಾಡಿದರು. ದೊಡ್ಡ ಡಾಕ್ಟರು ಫ್ಯಾನ್ ನೋಡಿದರು.

ಆಮೇಲೆ ಖಾಯ್ ಡಾಕ್ಟರಿಗೆ ಒಂದು ಹೆಸರು ಅಂಟಿತು, ಮನೆಗೆ ಕಳಿಸೋ ಡಾಕ್ಟ್ರು. ಅವರು ವಾರ್ಡಿಗೆ ಕಾಲಿಟ್ಟರೆ ರೋಗಿಗಳೆಲ್ಲ ಆರೋಗ್ಯವಂತರಾಗುತ್ತಿದ್ದರು. ಕಾಲು ಮುರಿದು ಮಲಗಿದ್ದವನೊಬ್ಬ ಎದ್ದು ಕೂತು ತಲೆ ಬಾಚಿಕೊಂಡದ್ದನ್ನು ನಾನೇ ನೋಡಿದ್ದೇನೆ. ಗೇಟಿನೆದುರಿನ ನೂಡಲ್ಸ್ ಅಂಗಡಿಯಲ್ಲಿ ಅವರು ಕೂತ ಮೇಜಿನಿಂದ ಜನ ಬಟ್ಟಲು ಎತ್ತಿಕೊಂಡು ಬೇರೆಡೆಗೆ ಸರಿಯುತ್ತಿದ್ದರು. ಉಳಿಯುತ್ತಿದ್ದವನು ನಾನೊಬ್ಬನೇ. ಧೈರ್ಯ ಅಂದುಕೊಳ್ಳಬೇಡಿ. ಅವರು ಮಾಂಸದ ತುಂಡುಗಳನ್ನು ಬಟ್ಟಲಲ್ಲೇ ಬಿಡುತ್ತಿದ್ದರು, ನನಗೆ ಅದರ ಮೇಲೆ ಕಣ್ಣು.

ಚಿನ್ ಅಜ್ಜಿ ಬಂದದ್ದು ಆ ಕಾಲದಲ್ಲಿ. ಜೀವಮಾನವೆಲ್ಲ ನದಿಸಂತೆಯಲ್ಲಿ ದೋಣಿಯ ಮೇಲೆ ನೂಡಲ್ಸ್ ಮಾರಿದಾಕೆ. ಒಂದು ಕಾಲಕ್ಕೆ ಆಕೆಯ ಕೂಗು ಆಚೆ ದಡ ಮುಟ್ಟುತ್ತಿತ್ತು, ಈಗ ಪಕ್ಕದ ಮಂಚವನ್ನೂ ಮುಟ್ಟದು. ಶ್ವಾಸಕೋಶದಲ್ಲಿ ಕ್ಯಾನ್ಸರ್. ಹಿರಿಮಗ ಲುಕ್ ಅಮ್ಮನಿಗೆ ಹೇಳಿದ್ದು, ಎದೆಯಲ್ಲಿ ನೀರು ತುಂಬಿದೆ, ತೆಗೆದರೆ ಸರಿಹೋಗುತ್ತದೆ ಎಂದು.

ಬೇರೆಯವರೆಲ್ಲ ಮುಖ ತಿರುಗಿಸುವಾಗ ಅಜ್ಜಿಯೇ ಖಾಯ್ ಡಾಕ್ಟರನ್ನು ಕೈಸನ್ನೆ ಮಾಡಿ ಕರೆದಳು.

“ಮನೆಗೆ ಕಳಿಸೋ ಡಾಕ್ಟ್ರು ನೀನೇ ಏನಪ್ಪ? ಬಂದಾಗ್ಲಿಂದ ಕಾಯ್ತಿದ್ದೀನಿ, ನನ್ನ ಮಂಚದ ಹತ್ರ ಸುಳಿಯೋದೇ ಇಲ್ವಲ್ಲ.”

ಡಾಕ್ಟರು ಕೂತರು. ಅಜ್ಜಿಗೆ ಎಲ್ಲವೂ ತಿಳಿದಿತ್ತು. ರಬ್ಬರ್ ಚೀಲದ ಜೊತೆ ಹೋಗುವುದು ಆಕೆಗೆ ಬೇಡ. ನಾಲಿಗೆ ಆಡುವಾಗಲೇ ಮನೆ ಸೇರಬೇಕು, ಸೊಸೆಯ ಹುಳಿಸಾರಿನ ತಪ್ಪು ಹಿಡಿಯಬೇಕು. ಹಾಗಾದರೆ ಮಗನಿಗೆ ಹೇಳಲೇ ಎಂದದ್ದಕ್ಕೆ ಅಜ್ಜಿ ಅವರ ಮಣಿಕಟ್ಟು ಹಿಡಿದುಕೊಂಡಳು.

“ಬೇಡ ಕಣಪ್ಪ. ನಂಗೆ ಗೊತ್ತು ಅಂತ ಅವನಿಗೆ ಗೊತ್ತಾದ್ರೆ ತಡ್ಕೊಳಲ್ಲ. ಹೇಳಲ್ಲ ಅಂತ ಮಾತು ಕೊಡು.”

ಮಾತು ಕೊಟ್ಟರು. ಹೊರಗೆ ಬಂದರೆ ಮೊಗಸಾಲೆಯಲ್ಲಿ ಲುಕ್ ನಿಂತಿದ್ದ. ಅಮ್ಮನಿಗೆ ಗೊತ್ತಾಗಬಾರದು, ಗೊತ್ತಾದರೆ ಆ ದಿನವೇ ಪ್ರಾಣ ಬಿಡುತ್ತಾಳೆ, ಮಾತು ಕೊಡಿ ಎಂದ. ಕೊನೆಯ ಗಳಿಗೆಗೆ ಮುಂಚೆ ಮನೆಗೆ ಕರೆದೊಯ್ದರೆ ಹೆತ್ತವಳನ್ನು ಕೈಬಿಟ್ಟ ಎಂದು ಊರು ಉಗಿಯುತ್ತದೆ, ಅದೂ ಆಗದು ಎಂದ. ಅವನಿಗೂ ಮಾತು ಕೊಡಬೇಕಾಯಿತು.

“ಇಬ್ರದ್ದೂ ಒಂದೇ ಗುಟ್ಟು ಚಿಕ್ಕಪ್ಪ,” ಅಂಗಡಿಯ ಖಾಲಿ ಮೇಜಿನಲ್ಲಿ ಡಾಕ್ಟರು ಹೇಳಿದರು. “ಇಬ್ರೂ ತಂದು ನನ್ನ ಹತ್ರ ಇಟ್ಟಿದ್ದಾರೆ.”

ಫ್ಯಾನ್ ನೋಡಿ ಎಂದು ಸಲಹೆ ಕೊಟ್ಟೆ. ಅವರು ನಗಲಿಲ್ಲ, ಊಟವನ್ನೂ ಮುಗಿಸಲಿಲ್ಲ. ಆ ಹೊತ್ತು ಮಾಂಸ ನನಗೂ ಇಳಿಯಲಿಲ್ಲ.

ಅಜ್ಜಿ ದಿನದಿಂದ ದಿನಕ್ಕೆ ಇಳಿಯುತ್ತಿದ್ದಳು. ಇನ್ನು ತಡವಾದರೆ ಚೀಲವೇ ಗತಿ. ಡಾಕ್ಟರು ಹೋಗಿ ಎದೆಯ ನೀರು ತೆಗೆಯುವರು, ಏನೋ ಹೇಳಲೆಂದು ಬಾಯಿ ತೆರೆಯುವರು, ಮುಚ್ಚುವರು. ಕೊನೆಗೆ ಗಂಟು ಬಿಚ್ಚಿದವಳು ಅಜ್ಜಿಯೇ. ಗಾಲಿಮಂಚ ತಳ್ಳಿಕೊಂಡು ನಾನೂ ಅಲ್ಲಿದ್ದೆ.

“ಲೋ ಲುಕ್, ಹುಣ್ಣಿಮೆ ಕಳೆದ ಮಾರನೇ ದಿನ ನಿಮ್ಮಜ್ಜಿ ತಿಥಿ. ನಾನು ಮನೆಗೆ ಹೋಗ್ಬೇಕು.”

ಲುಕ್ ಬಾಯಿ ಬಿಟ್ಟುಕೊಂಡು ನೋಡಿದ. ಅತ್ತೆಗೂ ಈಕೆಗೂ ಇದ್ದ ಸಂಬಂಧ ನದಿಯ ಎರಡೂ ದಡಕ್ಕೆ ಗೊತ್ತು. ಒಂದೇ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಇಬ್ಬರೂ ಮನೆಯ ಬಾತುಕೋಳಿಯ ಮುಖ ನೋಡಿಕೊಂಡು ಪರಸ್ಪರ ಬೈದುಕೊಂಡವರು.

“ಅಮ್ಮ, ಅವಳ ತಿಥಿ ದಿನ ನೀನು ಯಾವತ್ತೂ ಬೇಕಂತಲೇ ಸಂತೆಗೆ ಹೋಗ್ತಿದ್ದೆಯಲ್ಲ?”

“ಈ ಸಲ ಮಾಡ್ಬೇಕು ಅನ್ನಿಸಿದೆ. ಬದುಕಿದ್ದಾಗ ಅವಳಿಂದ ನಂಗೊಂದು ಉಪಕಾರ ಆಗಿಲ್ಲ, ಈಗಾದ್ರೂ ಆಗ್ಲಿ. ಡಾಕ್ಟ್ರೇ, ನಾಲ್ಕು ದಿನ ರಜಾ ಕೊಡಿ. ತಿಥಿ ಮುಗಿಸ್ಕೊಂಡು ಬಂದ್ಬಿಡ್ತೀನಿ.”

ತಿಥಿಗೆ ಹೋಗುವುದೆಂದರೆ ಯಾರೂ ಯಾರನ್ನೂ ಕೈಬಿಟ್ಟ ಹಾಗಲ್ಲ. ಯಾರಿಗಾದರೂ ಏನಾದರೂ ಗೊತ್ತಿದೆ ಎಂದೂ ಅಲ್ಲ. ಲುಕ್ ಅಮ್ಮನನ್ನು ನೋಡಿದ, ಆಮೇಲೆ ಡಾಕ್ಟರನ್ನು. ಅಜ್ಜಿ ವಾಪಸು ಬರುವುದಿಲ್ಲವೆಂದು ಮೂವರಿಗೂ ತಿಳಿದಿತ್ತು, ಗಾಲಿಮಂಚ ಹಿಡಿದವನಿಗೂ. ಸುಳ್ಳು ಹೇಳುವುದಿಲ್ಲ ಎಂದು ಹಟ ತೊಟ್ಟ ಖಾಯ್ ಡಾಕ್ಟರು ಅಂದು ಮೊದಲ ಬಾರಿಗೆ ತಲೆಯೆತ್ತಿ ಫ್ಯಾನ್ ನೋಡಿದರು. ಅದು ಕೆಟ್ಟು ನಿಂತಿತ್ತು.

“ಹೋಗಿ ಬನ್ನಿ ಅಜ್ಜಿ” ಎಂದರು.

ಅಂಥ ರಜೆ ನಮ್ಮಲ್ಲಿಲ್ಲ ಎಂದು ದೊಡ್ಡ ಡಾಕ್ಟರು ಗದರಿದರಂತೆ, ಏನಾದರೂ ಆದರೆ ಕೆಲಸ ಹೋಗುವುದು ನಿನ್ನದು ಎಂದೂ ಹೇಳಿದರಂತೆ. ಆಗಲಿ ಎಂದು ಇವರು ನೋವಿನ ಔಷಧವನ್ನು ಚೀಲಕ್ಕೆ ತುಂಬಿಕೊಂಡರು.

ಅಜ್ಜಿ ಮಲಗಿ ಬರಲು ಒಪ್ಪಲಿಲ್ಲ. ಮುಂದಿನ ಸೀಟಿನಲ್ಲಿ ಮಗನಿಗೆ ಒರಗಿ ಕೂತು, ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡು, ಅಡ್ಡ ಬಂದ ಬೈಕಿನವರನ್ನೆಲ್ಲ ಮೆಲ್ಲಗೆ ಶಪಿಸಿದಳು. ಸಂತೆಯ ದಂಡೆ ಬಂದಾಗ, ಒಂದು ಸಲ ಸೈರನ್ ಹಾಕು, ಎದುರಂಗಡಿಯವಳು ನೋಡಲಿ ಎಂದಳು. ಹಾಕಿದೆ. ಮನೆಗೆ ಹೋಗುವ ದಾರಿಯಲ್ಲಿ ನನ್ನ ಗಾಡಿ ಕೂಗಿದ್ದು ಅದೊಂದೇ ಬಾರಿ. ಅದಕ್ಕಾಗಿ ಆಫೀಸಿನಲ್ಲಿ ಬೈಸಿಕೊಂಡದ್ದೂ ಆಯಿತು.

ತಿಥಿಯ ದಿನ ನಾನು ಹೋದಾಗ ಅಜ್ಜಿಯ ತೂಗುಬಲೆಯನ್ನು ಅಡುಗೆಮನೆಯ ಬಾಗಿಲಿಗೆ ಕಟ್ಟಿದ್ದರು. ಮೀನಿನ ಹುಳಿಸಾರನ್ನು ಚಮಚದ ತುದಿಯಲ್ಲಿ ನೆಕ್ಕಿ, ಹುಣಸೆ ಜಾಸ್ತಿ ಎಂದಳು. ಸೊಸೆ ಮುಖ ಊದಿಸಿಕೊಂಡಳು, ಅಜ್ಜಿಗೆ ತೃಪ್ತಿಯಾಯಿತು. ಅತ್ತೆಯ ಪಟಕ್ಕೆ ಊದುಬತ್ತಿ ಹಚ್ಚಿ ಬಹಳ ಹೊತ್ತು ಏನೋ ಗೊಣಗಿದಳು. ಬೈಗುಳವೋ ಪ್ರಾರ್ಥನೆಯೋ ನನಗೆ ತಿಳಿಯಲಿಲ್ಲ. ಬಾತುಕೋಳಿ ಬೇಯುತ್ತಿತ್ತು.

ಆಮೇಲೆ ಲುಕ್ ಪ್ರತಿ ಬೆಳಿಗ್ಗೆ, ನಾಳೆ ಆಸ್ಪತ್ರೆಗೆ ಹೋಗೋಣ ಅಮ್ಮ ಎನ್ನುವನು. ಹೂಂ, ನಾಳೆ ಎನ್ನುವಳು ಆಕೆ. ಡಾಕ್ಟರು ಕೆಲಸ ಮುಗಿಸಿ ಸಂಜೆಯ ದೋಣಿಗೆ ಹೋಗಿ ಔಷಧ ಕೊಟ್ಟು ಬರುವರು. ಒಂದು ಮಧ್ಯಾಹ್ನ, ಮಗ ತಲೆ ಬಾಚುತ್ತಿದ್ದಾಗ, ಅಜ್ಜಿ ಪಟಗಳ ಕೆಳಗಿನ ಮಂಚದ ಮೇಲೆ ಕೊನೆಯುಸಿರು ಬಿಟ್ಟಳು. ಗಂಟಲಲ್ಲಿ ಕೊಳವೆಯಿಲ್ಲ, ಚೀಲವಿಲ್ಲ.

ಡಾಕ್ಟರನ್ನು ನಾನೇ ಕರೆದುಕೊಂಡು ಹೋದೆ. ತಡವಾಗಿತ್ತು. ತಲೆಗೆ ಸೂತಕದ ಬಿಳಿಪಟ್ಟಿ ಕಟ್ಟಿಕೊಂಡ ನೆಂಟರು ಮನೆ ತುಂಬಿದ್ದರು, ಒಬ್ಬೊಬ್ಬರಿಗೂ ಒಂದೊಂದು ಕೆಲಸವಿತ್ತು. ಡಾಕ್ಟರಿಗೆ ಯಾವ ಕೆಲಸವೂ ಇರಲಿಲ್ಲ. ಬಾಗಿಲ ಬಳಿ ಚಪ್ಪಲಿಗಳ ನಡುವೆ ಸ್ವಲ್ಪ ಹೊತ್ತು ನಿಂತು, ಹೋಗೋಣ ಚಿಕ್ಕಪ್ಪ ಎಂದರು. ದೊಡ್ಡ ಡಾಕ್ಟರು ಹೆದರಿಸಿದಂತೆ ಅವರ ಕೆಲಸವೇನೂ ಹೋಗಲಿಲ್ಲ. ಅಂಟಿದ ಹೆಸರೂ ಹೋಗಲಿಲ್ಲ.

ಮರುವರ್ಷ ಅಜ್ಜಿಯ ತಿಥಿಗೆ ಲುಕ್ ತಾನೇ ಬಂದು ಡಾಕ್ಟರನ್ನು ಕರೆದ. ಅವರನ್ನು ಈ ಊರಲ್ಲಿ ಯಾರಾದರೂ ಊಟಕ್ಕೆ ಕರೆದದ್ದು ಅದೇ ಮೊದಲು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಅವರು ಕೂತೊಡನೆ ಅಕ್ಕಪಕ್ಕದವರು ಅಭ್ಯಾಸದಂತೆ ಬಟ್ಟಲು ಎತ್ತಿಕೊಂಡರು. ಒಂದು ಪಕ್ಕ ನಾನು ಕೂತೆ. ಇನ್ನೊಂದು ಪಕ್ಕ ಖಾಲಿಯೇ ಉಳಿದಿತ್ತು. ಊಟ ಅರ್ಧವಾದಾಗ ಪಕ್ಕದ ಮನೆಯ ಮುದುಕನೊಬ್ಬ ಆಚೀಚೆ ನೋಡಿ, ಬಟ್ಟಲು ಹಿಡಿದು ಬಂದು ಅಲ್ಲಿ ಕೂತ.

“ಡಾಕ್ಟ್ರೇ, ನಮ್ಮನೆ ತಿಥಿಗಳೆಲ್ಲ ಬೇಸಿಗೇಲೇ ಬರ್ತವೆ,” ದನಿ ತಗ್ಗಿಸಿ ಕೇಳಿದ. “ಮಳೆಗಾಲದಲ್ಲಿ ನಂಗೇನಾದ್ರೂ ಆದ್ರೆ ಹೆಂಗೆ?”

“ನಿಮ್ಮ ಹೆಂಡತಿ ಕಡೆಯವರದ್ದು ಯಾವುದಾದ್ರೂ ಇದೆಯಾ ನೋಡೋಣ ಅಜ್ಜ” ಎಂದರು ಡಾಕ್ಟರು, ಗಂಭೀರವಾಗಿಯೇ.

ಹೊತ್ತು ಮುಳುಗುವಾಗ ಅವರನ್ನು ಕೋಣೆಯೆದುರು ಇಳಿಸಿದೆ. ಸೊಸೆ ಕಟ್ಟಿಕೊಟ್ಟ ಸಾರು ಪ್ಲಾಸ್ಟಿಕ್ ಚೀಲದಲ್ಲಿ ಅವರ ಬೆರಳಿಗೆ ನೇತಾಡುತ್ತಿತ್ತು. ರಾತ್ರಿ ಊಟಕ್ಕೆ ಬರ್ತೀರಾ ಚಿಕ್ಕಪ್ಪ ಎಂದರು. ಹೆಂಡತಿ ಕಾಯ್ತಾಳೆ ಎಂದೆ. ಗಾಡಿ ತಿರುಗಿಸಿದಾಗ ಕನ್ನಡಿಯಲ್ಲಿ ಕಂಡರು: ಸಾರಿನ ಚೀಲವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡೂ ಕೈಯಿಂದ ಜೇಬುಗಳಲ್ಲಿ ಬೀಗದ ಕೈ ಹುಡುಕುತ್ತಿದ್ದರು.