ಬರೇ ಮೇಣ

ಬನಹಟ್ಟಿಯಲ್ಲಿ ಹುಟ್ಟಿದವಳು ಬತ್ತಿ ಇಲ್ಲದ ಮೇಣಬತ್ತಿ ಮಾಡಲು ಹೊರಟಿದ್ದೆ ಎಂದರೆ ನಮ್ಮ ಓಣಿಯವರು ಇಂದಿಗೂ ನಗುತ್ತಾರೆ. ಮನೆಮನೆಗೂ ಮಗ್ಗ, ಮೂಲೆಮೂಲೆಗೂ ನೂಲು. ಇಲ್ಲಿ ಬೇರೆ ಏನಕ್ಕೆ ಕೊರತೆಯಾದರೂ ಬತ್ತಿಯ ಎಳೆಗೆ ಕೊರತೆಯಿಲ್ಲ. ನಗಲಿ ಬಿಡಿ. ಆ ವಾರ ನನ್ನಷ್ಟು ಹುಮ್ಮಸ್ಸಿನವರು ಊರಲ್ಲೇ ಇರಲಿಲ್ಲ.

ವಿಷಯ ಅಪ್ಪನದು. ಪವರ್‌ಲೂಮಿನ ಹತ್ತಿ ಧೂಳು ವರ್ಷಗಟ್ಟಲೆ ಕುಡಿದ ಎದೆ. ಹೊಗೆ ಸೋಕಿದರೆ ಸಾಕು, ಕೆಮ್ಮು ಶುರುವಾಗಿ ನಿಲ್ಲುತ್ತಲೇ ಇರಲಿಲ್ಲ. ಅವ್ವನೋ, ಸಂಜೆ ದೇವರ ಮುಂದೆ ಊದಿನಕಡ್ಡಿ ಹಚ್ಚದೆ ಹಾಡಿಗೆ ಬಾಯಿ ತೆರೆಯುವವಳಲ್ಲ. "ವಾಸನಿ ಇಲ್ಲಂದ್ರ ಅದು ದೇವರ ಮನಿ ಹೆಂಗ ಆಕೈತಿ?" ಎನ್ನುತ್ತಿದ್ದಳು. ಅವಳು ಕಡ್ಡಿ ಗೀರಿದ ಕೂಡಲೇ ಅಪ್ಪ ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಗಿನ ಕಟ್ಟೆಗೆ ನಡೆಯುತ್ತಿದ್ದ. ಮೊದಲು ಇಬ್ಬರೂ ಕೂಡಿ ಹಾಡುತ್ತಿದ್ದರು, ಅವ್ವ ಒಂದು ಸಾಲು, ಅಪ್ಪ ಒಂದು ಸಾಲು. ಈಗ ಎರಡೂ ಸಾಲು ಅವ್ವನೇ. ಅದನ್ನು ಕೇಳಿದಾಗಲೆಲ್ಲ ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು, ಅಳುವೂ ಬರುತ್ತಿತ್ತು.

ಹೀಗಿರುವಾಗ ಒಂದು ವಾರಪತ್ರಿಕೆಯಲ್ಲಿ ಓದಿದೆ: ಮೇಣ ಕರಗಿಸಿ, ಅತ್ತರು ಬೆರೆಸಿ, ತಗಡಿನ ಡಬ್ಬಿಗೆ ಹೊಯ್ದು ಆರಿಸಬೇಕು. ಆಮೇಲೆ ಬೇಕೆಂದಾಗ ಆ ಡಬ್ಬಿಯನ್ನು ಕುದಿಯುವ ನೀರಿನಲ್ಲಿ ಇಟ್ಟರಾಯಿತು. ಬತ್ತಿ ಬೇಡ, ಬೆಂಕಿ ಬೇಡ, ಹೊಗೆ ಇಲ್ಲ, ಪರಿಮಳ ಮಾತ್ರ! ನಾನು ಪತ್ರಿಕೆ ಹಿಡಿದುಕೊಂಡೇ ಕುಣಿದುಬಿಟ್ಟೆ.

ದಿನಾ ಕರೆಂಟು ಹೋಗುತ್ತಿದ್ದ ಊರು, ಮೇಣಬತ್ತಿಯ ತುಂಡುಗಳು ಡಬ್ಬಗಟ್ಟಲೆ ಇದ್ದವು. ಅಕ್ಕನ ಕೂಸಿನ ಹಾಲುಪುಡಿಯ ದೊಡ್ಡ ಡಬ್ಬಿಯೊಂದು ಸಿಕ್ಕಿತು. ದೀಪಾವಳಿಗೆ ನೂಲಿನ ವ್ಯಾಪಾರಿಗಳು ಹಂಚಿದ್ದ ರಸಗುಲ್ಲಾದ ಖಾಲಿ ಡಬ್ಬಿ ಐದು, ಓಣಿಯಲ್ಲೆಲ್ಲ ಕೇಳಿ ತಂದೆ. ಅವುಗಳ ಬಾಯಿ ಗರಗಸದ ಹಾಗಿತ್ತು. ಅಪ್ಪನ ಮಗ್ಗದ ಇಕ್ಕಳ ಕದ್ದು ತಂದು ಅಂಚನ್ನು ಒಳಗೆ ಮಡಚಿದೆ. ಬೆರಳು ಕೊಯ್ದುಕೊಂಡದ್ದು ಲೆಕ್ಕಕ್ಕಿಲ್ಲ. ಬಸ್ಸು ಹತ್ತಿ ಜಮಖಂಡಿಯಿಂದ ಮಲ್ಲಿಗೆ ಅತ್ತರು ತಂದೆ. ಮನೆಯಲ್ಲಿ ಮಾತ್ರ ತುಟಿ ಬಿಚ್ಚಲಿಲ್ಲ. ಕೆಟ್ಟರೆ ಅವ್ವ ವರ್ಷವಿಡೀ ಆಡಿಕೊಳ್ಳುತ್ತಿದ್ದಳು.

ಮಧ್ಯಾಹ್ನ ತುಂಡುಗಳನ್ನು ಕರಗಿಸಿ, ಹಳೆಯ ಬತ್ತಿಗಳನ್ನು ಹೆಕ್ಕಿ ಎಸೆದು, ಅತ್ತರು ಬೆರೆಸಿದ ಮೇಣ ಹೊಯ್ದು ಆರಲು ಬಿಟ್ಟು, ಗುಟ್ಟು ಹೊಟ್ಟೆಯಲ್ಲಿ ನಿಲ್ಲದೆ ಗೆಳತಿಯ ಮನೆಗೆ ಓಡಿದೆ. ತಿರುಗಿ ಬಂದು ನೋಡಿದರೆ ಆರೂ ಡಬ್ಬಿಗಳ ನಟ್ಟನಡುವೆ ಬಿಳಿ ಬತ್ತಿಗಳು ನೆಟ್ಟಗೆ ನಿಂತಿವೆ!

"ಗಡಿಬಿಡ್ಯಾಗ ಬತ್ತಿ ಹಾಕೂದ ಮರತಿದ್ದಿ. ಛಲೋ ನೂಲು ನೋಡಿ ನಾನ ಹೊಸದು ಹಾಕೀನಿ," ಎಂದಳು ಅವ್ವ, ಹೆಮ್ಮೆಯಿಂದ.

"ಅಯ್ಯ ಯವ್ವಾ! ಇದು ಬತ್ತಿ ಇಲ್ಲದ ಮೇಣಬತ್ತಿ ಬೇ!"

"ಬತ್ತಿ ಇಲ್ಲಂದ ಮ್ಯಾಲ ಮೇಣಬತ್ತಿ ಯಾಕ ಅಂತಿ? ಬರೇ ಮೇಣ ಅನ್ನು."

ಸಿಟ್ಟಿನಿಂದ ಬತ್ತಿಗಳನ್ನು ಎಳೆಯಹೋದೆ. ಐದು ಡಬ್ಬಿ ಆಗಲೇ ಗಟ್ಟಿಯಾಗಿದ್ದವು, ನೇಕಾರ್ತಿ ಹೊಸೆದ ಬತ್ತಿ ಹರಿಯಲೂ ಇಲ್ಲ, ಬರಲೂ ಇಲ್ಲ. ಹಾಲುಪುಡಿಯ ಡಬ್ಬಿಯ ನಡುವೆ ಮಾತ್ರ ಮೇಣ ಇನ್ನೂ ಮೆತ್ತಗಿತ್ತು. ಅದರ ಬತ್ತಿ ಸಲೀಸಾಗಿ ಬಂತು, ಅದೊಂದು ಉಳಿಯಿತು.

ಸಂಜೆ ಕುದಿಯುವ ನೀರಿನ ಪಾತ್ರೆಯಲ್ಲಿ ಆ ಡಬ್ಬಿ ಇಟ್ಟು ದೇವರ ಮನೆಗೆ ತಂದೆ. ಅವ್ವನ ಕೈ ಊದಿನಕಡ್ಡಿಗೆ ಹೋಯಿತು, ಕಡ್ಡಿಪೆಟ್ಟಿಗೆಯನ್ನು ಕಸಿದುಕೊಂಡೆ. ಅಪ್ಪ ಎದ್ದು ಟವೆಲ್ ಹುಡುಕುತ್ತಿದ್ದ.

"ಇವತ್ತ ಹೋಗಬ್ಯಾಡಪಾ. ಒಂದೀಟ ಕುಂದ್ರು," ಎಂದೆ.

ಕುಳಿತ, ಟವೆಲನ್ನು ಮೂಗಿಗೆ ಒತ್ತಿಕೊಂಡೇ. ಮೇಣದ ಅಂಚು ಕರಗಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮಲ್ಲಿಗೆ ಬಂತು ನೋಡಿ, ಮೊದಲು ಎಲ್ಲೋ ದೂರದಲ್ಲಿ, ಆಮೇಲೆ ಮನೆತುಂಬ! ಅಪ್ಪ ಟವೆಲ್ ಇಳಿಸಿದ. ಉಸಿರು ಎಳೆದ, ಮತ್ತೊಮ್ಮೆ ಎಳೆದ. ಕೆಮ್ಮು ಬರಲಿಲ್ಲ.

ಅವ್ವ ಹಾಡು ಶುರುಮಾಡಿದಳು. ಒಂದು ಸಾಲು ಮುಗಿಸಿ ಅಭ್ಯಾಸದಂತೆ ಎರಡನೆಯದಕ್ಕೆ ಬಾಯಿ ತೆರೆದಳು. ಅಷ್ಟರಲ್ಲಿ ಅಪ್ಪ ಆ ಸಾಲನ್ನು ಎತ್ತಿಕೊಂಡಿದ್ದ. ಅವ್ವನಿಗೆ ಮುಂದಿನ ಸಾಲೇ ಮರೆತುಹೋಯಿತು.

ಮರುದಿನ ಅವಳೇ ಉಳಿದ ಐದು ಡಬ್ಬಿಗಳನ್ನು ಬಿಸಿನೀರಿನಲ್ಲಿಟ್ಟು ತಾನು ಹಾಕಿದ ಬತ್ತಿಗಳನ್ನೆಲ್ಲ ಕಿತ್ತಳು. ಸಂಜೆ ಮಗ್ಗದ ಸದ್ದು ನಿಂತಿತೋ ಇಲ್ಲವೋ, ಒಳಗಿನಿಂದ ಕೂಗಿದಳು: "ಬರೇ ಮೇಣ ಇಡ ಬೇ ಲಗೂನ, ನಿಮ್ಮಪ್ಪ ಹಾಡಾಕ ಬಂದಾರ!"