ಮಹಾರಾಜರು ಹುಟ್ಟಿದ ದಿನವೇ ಹುಟ್ಟಿದ ವರ

ಗೆಳತಿಯರೇ, ಇವತ್ತು ನನ್ನನ್ನು ನೋಡಲು ಮೂಡಲಗಿಯಿಂದ ವರನ ಕಡೆಯವರು ಹುಕ್ಕೇರಿಯ ನಮ್ಮ ಮನೆಗೆ ಬಂದಿದ್ದರು. ವರನ ತಂದೆ ಕುಳಿತ ಕೂಡಲೇ ಶುರು ಮಾಡಿದರು.

“ನಮ್ಮ ಹುಡುಗ ಹುಟ್ಟಿದ ದಿನಾನ ಒಬ್ಬ ಮಹಾರಾಜರು ಹುಟ್ಯಾರ್ರಿ. ದಿಲ್ಲಿಯ ದೊಡ್ಡ ಮಂತ್ರಿ ಒಬ್ಬರದೂ ಅದ ತಾರೀಖು. ಕೊಲ್ಲಾಪುರದ ಪೈಲ್ವಾನರೊಬ್ಬರದೂ ಅದ.”

ಅಪ್ಪ ಖುಷಿಯಿಂದ ತಲೆಯಾಡಿಸಿದ. ಅಜ್ಜಿ ಮಾತ್ರ ವರನ ಮೀಸೆಯನ್ನೇ ನೋಡುತ್ತಿದ್ದಳು. ಅದು ಕಾಡಿಗೆಗಿಂತ ಕಪ್ಪಗಿತ್ತು.

“ತಾರೀಖು ಛಲೋ ಐತ್ರಿ. ವರ್ಷ ಯಾವುದು?” ಎಂದು ಕೇಳಿದಳು.

“ವರ್ಷ ಯಾರ ನೆನಪಿಡ್ತಾರ ಬಿಡ್ರಿ ಅವ್ವಾರ,” ಎಂದು ತಂದೆ ನಕ್ಕರು.

ಅಜ್ಜಿ ನಗಲಿಲ್ಲ. ವರನ ಕಡೆಗೇ ತಿರುಗಿ, “ಸ್ವಾತಂತ್ರ್ಯ ಬಂದ ವರ್ಷ ನೀವು ಯಾವ ಇಯತ್ತೆ ಓದತಿದ್ರಿ?” ಎಂದಳು.

ಅವನು ತಂದೆಯ ಮುಖ ನೋಡಿದ, ನನ್ನ ಮುಖ ನೋಡಿದ.

“ಅಷ್ಟೊತ್ತಿಗೆ ಸಾಲಿ ಬಿಟ್ಟು ಭಾಳ ವರ್ಷ ಆಗಿತ್ರಿ. ಆ ವರ್ಷ ನನ್ನ ಮಗಳು ಹುಟ್ಟಿದಳು. ಹೆಂಡತಿ ತೀರಿಕೊಂಡಾಳ. ಇದನ್ನ ಮೊದಲ ಹೇಳೂಣು ಅಂದ್ರ ಅಪ್ಪಾರು ಕೇಳಲಿಲ್ಲ.”

ತಂದೆ ಟೋಪಿ ಹಾಕಿಕೊಂಡು ಎದ್ದರು. ಅವಲಕ್ಕಿ ತಟ್ಟೆಯಲ್ಲೇ ಉಳಿಯಿತು.

ಅವರು ಹೋದ ಮೇಲೆ ಅಜ್ಜಿ, “ಪಾಪ, ಅವನರ ಖರೆ ಹೇಳಿದ. ಆದ್ರ ಹೆಣ್ಣ ಕೊಡಾಕ ಅದೊಂದ ಸಾಲೂದಿಲ್ಲ,” ಎಂದಳು.

ನನಗೆ ಮಾತ್ರ, ನಾನು ನೋಡೇ ಇರದ ಅವನ ಮಗಳದೇ ಯೋಚನೆ. ಅವಳಿಗೀಗ ಹದಿಮೂರು, ನನಗಿಂತ ನಾಲ್ಕೇ ವರ್ಷ ಚಿಕ್ಕವಳು. ಅಜ್ಜಿ ಸುಮ್ಮನಿದ್ದಿದ್ದರೆ ಅವಳು ನನ್ನನ್ನು ‘ಅವ್ವಾ’ ಎಂದು ಕರೆಯಬೇಕಾಗುತ್ತಿತ್ತು. ನಾನೋ, ಇಂದಿಗೂ ಅವ್ವನ ಕೈಯಲ್ಲೇ ಜಡೆ ಹಾಕಿಸಿಕೊಳ್ಳುವವಳು.