ಕ್ಯಾನ್ಸರ್ ಕೋಶಗಳಿಗೆ ಉಣಿಸುವ ಮಹಾನಂದಾ

ಬೆಳಗಿನ ಆರು ಗಂಟೆ. ನವಲಗುಂದದ ಹೊರವಲಯದ ಫಾರ್ಮಸಿ ಕಾಲೇಜಿನಲ್ಲಿ ಒಂದೇ ಕೋಣೆಯ ದೀಪ ಉರಿಯುತ್ತಿದೆ. ಮಹಾನಂದಾ ಕೈಗವಸು ತೊಟ್ಟು, ಮೈಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಿಂದ ಚಪ್ಪಟೆ ಬಾಟಲಿಯೊಂದನ್ನು ತೆಗೆಯುತ್ತಾರೆ. ಅದರ ತಳಕ್ಕೆ ಅಂಟಿಕೊಂಡಿರುವುದು ಪ್ರಾಸ್ಟೇಟ್ ಕ್ಯಾನ್ಸರಿನ ಜೀವಕೋಶಗಳು. ಹಳೆಯ ದ್ರವ ಹೀರಿ, ಗುಲಾಬಿ ಬಣ್ಣದ ಹೊಸ ದ್ರವ ಹಾಕುತ್ತಾರೆ.

"ಇವಕ್ಕ ಐತವಾರದ ಸೂಟಿ ಇಲ್ರಿ. ಎರಡ ದಿನಕ್ಕೊಮ್ಮೆ ಊಟ ಹಾಕಬೇಕು. ಸಾಯಿಸಾಕಂತನ ಸಾಕೂದು, ಖರೆ. ಆದ್ರ ಹಸದು ಸತ್ರ, ಔಷಧಿ ಕೆಲಸ ಮಾಡ್ತೋ ಇಲ್ಲೋ ಹೆಂಗ ಗೊತ್ತಾಗಬೇಕು?"

ಶಲವಡಿಯ ಈಕೆಗೆ ನಲವತ್ತೊಂದು. ಪಿಯುಸಿ ವಿಜ್ಞಾನ ಮುಗಿಯುತ್ತಲೇ ಮದುವೆ. ಹನ್ನೊಂದು ವರ್ಷದ ಹಿಂದೆ ಗಾಜಿನ ಸಾಮಾನು ತೊಳೆಯಲು ಸೇರಿದರು. ಸಂಶೋಧನೆ ನಡೆಸುವ ಡಾ. ಊರ್ಮಿಳಾ ಉಳಿದದ್ದನ್ನು ಕಲಿಸಿದರು. ಮೊದಲ ವರ್ಷ ಇವರ ಕೈತಪ್ಪಿನಿಂದ ಬಾಟಲಿಗಳಿಗೆ ಬೂಸಲು ಹಿಡಿದು ಮೂರು ತಿಂಗಳ ಕೆಲಸ ಹಾಳಾಯಿತು. "ನಾನ ಹೋಗಿ ಹೇಳಿದ್ನಿ. ಮುಚ್ಚಿಟ್ರ ಲೆಕ್ಕಾ ಸುಳ್ಳಾಗ್ತಿತ್ರಿ." ಈಗ ದಿನಕ್ಕೆ ಮೂವತ್ತು ಬಾಟಲಿ, ಔಷಧಿ ಪರೀಕ್ಷಿಸುವ ತೊಂಬತ್ತಾರು ಗುಳಿಗಳ ನಾಲ್ಕು ತಟ್ಟೆ ಇವರ ಪಾಲು.

ಜೀವಕೋಶದ ಪೊರೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಓಡಾಡುವ ಸಣ್ಣ ಬಾಗಿಲುಗಳಿವೆ. ಅಯಾನು ಚಾನೆಲ್ ಎನ್ನುತ್ತಾರೆ. ಕ್ಯಾನ್ಸರ್ ಕೋಶಗಳು ಬೆಳೆಯಲು, ಹರಡಲು ಇಂಥ ಕೆಲವನ್ನು ಬಳಸಿಕೊಳ್ಳುತ್ತವೆ. ಅವನ್ನು ಮುಚ್ಚುವ ಔಷಧಿಗಳ ಪರೀಕ್ಷೆ ಇಲ್ಲಿ ನಡೆದಿದೆ. ತಟ್ಟೆಯಲ್ಲಿ ಕೆಲವು ಕೋಶಗಳ ಬೆಳವಣಿಗೆ ತಗ್ಗಿದೆ. ರೋಗಿಗೆ ಕೊಡುವ ಮಾತು ಇನ್ನೂ ದೂರ.

ಹೋದ ವರ್ಷ ಆ ದೂರವೇ ಇವರಿಗೆ ಸಂಕಟ ತಂದಿತು. ಬಾಜು ಮನೆಯ ಎಪ್ಪತ್ತರ ಈರಪ್ಪನವರಿಗೆ ಅದೇ ಕಾಯಿಲೆ ಪತ್ತೆಯಾಯಿತು. ಹುಬ್ಬಳ್ಳಿಯ ವೈದ್ಯರು ಇಂಜೆಕ್ಷನ್, ರೇಡಿಯೇಷನ್ ಹೇಳಿದರು. ಈರಪ್ಪ ಒಪ್ಪಲಿಲ್ಲ. ನೇರ ಮಹಾನಂದಾ ಮನೆಗೆ ಬಂದರು. "ನಿಮ್ಮಲ್ಲಿ ಔಷಧಿ ಐತಂತಲ್ಲವಾ, ಒಂದೀಟು ತಂದುಕೊಡು."

"ಕೊಡಾಕ ಬರಂಗಿಲ್ಲ ಕಾಕಾ. ಅದು ಕೋಶದ ಬಾಗಲಾ ಮುಚ್ಚೂ ಔಷಧಿ. ಎದಿಗೂ ಇಂಥಾವ ಬಾಗಲಾ ಅದಾವ. ಅವ ಮುಚ್ಚಿದ್ರ ಎದಿ ನಿಲ್ತೈತಿ."

ಈರಪ್ಪ ಎಂಟು ದಿನ ಮಾತು ಬಿಟ್ಟರು. ಮಹಾನಂದಾಗೆ ಊಟ ಸೇರಲಿಲ್ಲ. ಕೊನೆಗೆ ಊರ್ಮಿಳಾ ಅವರ ಅನುಮತಿ ಕೇಳಿ ಈರಪ್ಪನವರನ್ನು ಲ್ಯಾಬಿಗೇ ಕರೆತಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಈರಪ್ಪ ಬಹಳ ಹೊತ್ತು ನೋಡಿದರು.

"ಇವು ಯಾರವು?"

"ಯಾರೋ ದೂರದೇಶದ ರೋಗಿವು ಕಾಕಾ. ಅಂವಾ ತೀರಿಕೊಂಡು ಭಾಳ ವರ್ಷ ಆತಂತ, ಕೋಶ ಮಾತ್ರ ಲ್ಯಾಬಿನ್ಯಾಗ ಬೆಳಸ್ಕೋತ ಬಂದಾರ. ಆಗ ನಿಮಗಿರೂವಂಥ ಇಲಾಜು ಅಂವಗ ಇದ್ದಿದ್ದಿಲ್ಲ."

ಈರಪ್ಪ ಎದ್ದು ಟೊಪ್ಪಿಗೆ ಸರಿಪಡಿಸಿಕೊಂಡರು. "ಸೋಮವಾರ ಹುಬ್ಬಳ್ಳಿಗೆ ಹೋಗೂಣು. ನೀನೂ ಬರಬೇಕ ಮತ್ತ."

ಮಹಾನಂದಾ ರಜೆ ಹಾಕಿ ಜೊತೆಗೆ ಹೋದರು. ಚಿಕಿತ್ಸೆ ಮುಗಿದಿದೆ, ರಕ್ತಪರೀಕ್ಷೆಯಲ್ಲಿ ರೋಗ ತೋರಿಸುವ ಅಂಕಿ ಇಳಿದಿದೆ, ಈರಪ್ಪ ಮತ್ತೆ ಹೊಲಕ್ಕೆ ಹೋಗುತ್ತಿದ್ದಾರೆ.

ಇಷ್ಟು ವರ್ಷದ ದುಡಿಮೆಯಿಂದ ಔಷಧಿ ಬಾರದೇ ಹೋದರೆ? ಮಹಾನಂದಾ ತಟ್ಟೆಗೆ ತಾರೀಖು ಬರೆಯುತ್ತಲೇ ಉತ್ತರಿಸುತ್ತಾರೆ.

"ಬರಲಿ ಅಂತನ ಆಸೆ ಐತ್ರಿ. ಬರಲಿಲ್ಲಂದ್ರ, ಈ ಹಾದಿ ಅಲ್ಲ ಅಂತಾದ್ರೂ ಗೊತ್ತಾಗ್ತೈತಿ. ಅಷ್ಟು ಖರೆ ಹೇಳೂಹಂಗ ನನ್ನ ಕೈ ಸ್ವಚ್ಛ ಇದ್ರ ಸಾಕ್ರಿ."